ದಾವಣಗೆರೆಯಿಂದ ಆರೆಗಾನ್ ಹೊಳೆಗಳಿಗೆ: ಸಾಲ್ಮನ್, ಟ್ರೌಟ್ ಫ್ಲೈ ಗಾಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗದ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳೋದಕ್ಕೆ ಅಂತ ಹೋದ ಅಪ್ಪ ಅಮ್ಮಂದಿರು ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ. ಹೊಳೆದಂಡೆಯಲ್ಲಿ ಗಾಳ ಹಾಕಿ ಬೆಳೆದವರಿಗೆ ಅಲ್ಲಿನ ಹೊಳೆ ಕಂಡರೆ ಕೈ ಸುಮ್ನೆ ಇರುವುದಿಲ್ಲ. ನಾನು ಹರಿಹರದವನು. ಮಗಳು ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಇರುವುದರಿಂದ ಅಲ್ಲಿನ ಕರಾವಳಿಯ ಹೊಳೆಗಳಲ್ಲಿ ಫ್ಲೈ ಗಾಳ ಕಲಿತೆ. ಅಲ್ಲಿಗೆ ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ಮಾತು ಒಂದೇ: ಕೈ ಮತ್ತು ಕಣ್ಣು ಎರಡನ್ನೂ ಊರಲ್ಲೇ ತಯಾರು ಮಾಡಿಕೊಂಡು ಹೋಗಿ. ಹೊಳೆ ಓದುವುದು ತುಂಗಭದ್ರೆಯಲ್ಲೂ ಕಲಿಯಬಹುದು.

ಫ್ಲೈ ಗಾಳ ಅಂದರೆ ಏನು? ನಮ್ಮ ಗಾಳಕ್ಕೂ ಅದಕ್ಕೂ ಏನು ವ್ಯತ್ಯಾಸ?

ನಾವು ಗಾಳಕ್ಕೆ ಎರೆಹುಳ ಸಿಕ್ಕಿಸುತ್ತೇವೆ, ಇಲ್ಲವೇ ಹಿಟ್ಟಿನ ಉಂಡೆ ಕಟ್ಟುತ್ತೇವೆ. ಸೀಸದ ತೂಕಕ್ಕೆ ದಾರ ದೂರ ಹೋಗುತ್ತದೆ. ಬೆಂಡು ಮುಳುಗಿದರೆ ಎಳೆಯುತ್ತೇವೆ. ಫ್ಲೈ ಗಾಳದಲ್ಲಿ ಇದ್ಯಾವುದೂ ಇಲ್ಲ. ಸಣ್ಣ ಗಾಳದ ಮುಳ್ಳಿಗೆ ಗರಿ, ಉಣ್ಣೆ, ರೇಷ್ಮೆ ದಾರ ಸುತ್ತಿ ಹುಳದ ಹಾಗೋ ಸಣ್ಣ ಮೀನಿನ ಹಾಗೋ ಮಾಡಿರುತ್ತಾರೆ. ಅದೇ ಫ್ಲೈ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾಗಿ ತೂಕವನ್ನು ದಾರದಲ್ಲೇ ಇಟ್ಟಿದ್ದಾರೆ. ದಪ್ಪನೆಯ, ಪ್ಲಾಸ್ಟಿಕ್ ಹೊದಿಕೆಯ ದಾರ ಅದು. ನೀವು ಎಸೆಯುವುದು ಆ ದಾರವನ್ನು. ಫ್ಲೈ ಅದರ ಹಿಂದೆ ಹೋಗುತ್ತದೆ ಅಷ್ಟೇ.

ಇದು ಬಹಳ ಹಳೆಯ ವಿದ್ಯೆ. ಸುಮಾರು 1800 ವರ್ಷಗಳ ಹಿಂದೆ ರೋಮಿನ ಈಲಿಯನ್ ಎಂಬ ಲೇಖಕ ಇದರ ಬಗ್ಗೆ ಬರೆದಿದ್ದಾನೆ. ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕತ್ತಿನ ಗರಿ ಕಟ್ಟಿ, ಮೈಮೇಲೆ ಚುಕ್ಕೆಯಿರುವ ಮೀನು ಹಿಡಿಯುತ್ತಿದ್ದರಂತೆ.

ಸಾಲ್ಮನ್ ಅಂದರೆ ನಮ್ಮ ಮಾರ್ಕೆಟ್ಟಿನಲ್ಲಿ ಸಿಗುವ ಸಾಲ್ಮನ್ನೇ ಅಲ್ವಾ?

ಅಲ್ಲ. ಮಂಗಳೂರು, ಗೋವಾ ಕಡೆಯಿಂದ ಐಸ್ ಪೆಟ್ಟಿಗೆಯಲ್ಲಿ ಬಂದು 'ಇಂಡಿಯನ್ ಸಾಲ್ಮನ್' ಹೆಸರಲ್ಲಿ ಮಾರಾಟವಾಗುವುದು ರಾವಸ್ ಮೀನು. ಒಳ್ಳೆ ಮೀನೇ. ಆದರೆ ಸಾಲ್ಮನ್ನಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಮತ್ತೆ ನಿಜವಾದ ಸಾಲ್ಮನ್ ಯಾವುದು? ಟ್ರೌಟ್ ಯಾವುದು?

ಎರಡೂ ಒಂದೇ ಕುಟುಂಬದ ಮೀನುಗಳು. ತಣ್ಣೀರಲ್ಲಿ ಮಾತ್ರ ಬದುಕುತ್ತವೆ. ಅಟ್ಲಾಂಟಿಕ್ ಸಾಗರದ ಕಡೆ ಒಂದು ಜಾತಿಯ ಸಾಲ್ಮನ್ ಇದೆ. ಪೆಸಿಫಿಕ್ ಸಾಗರದ ಕಡೆ, ಅಮೆರಿಕದ ದಂಡೆಯಲ್ಲಿ, ಐದು ಜಾತಿ ಇವೆ: ಚಿನೂಕ್, ಕೋಹೋ, ಸಾಕ್‌ಐ, ಪಿಂಕ್, ಚಮ್. ಹೊಳೆಯ ಸಿಹಿನೀರಲ್ಲಿ ಹುಟ್ಟುತ್ತವೆ, ಸಮುದ್ರಕ್ಕೆ ಹೋಗಿ ತಿಂದು ಬೆಳೆಯುತ್ತವೆ, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ವಾಪಸ್ ಬರುತ್ತವೆ. ಅಷ್ಟು ದೊಡ್ಡ ಸಮುದ್ರದಿಂದ ತನ್ನ ಹೊಳೆಯನ್ನು ಹುಡುಕಿಕೊಂಡು ಬರುವುದು ಹೇಗೆ? ಕೊನೆಯ ಹಾದಿಯಲ್ಲಿ ಮೂಗಿನಿಂದ. ಮರಿಯಾಗಿದ್ದಾಗ ಗುರುತಿಟ್ಟುಕೊಂಡ ನೀರಿನ ವಾಸನೆ ಹಿಡಿದು ಏರುತ್ತವೆ. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆ ಇಟ್ಟ ಮೇಲೆ ಸಾಯುತ್ತವೆ. ಆ ಸತ್ತ ಮೀನನ್ನು ಕರಡಿ, ಹದ್ದು, ಹುಳಹುಪ್ಪಟೆ ತಿನ್ನುತ್ತವೆ. ಉಳಿದದ್ದು ಹೊಳೆಗೂ ದಂಡೆಯ ಮರಗಳಿಗೂ ಗೊಬ್ಬರವಾಗುತ್ತದೆ.

ಟ್ರೌಟ್ ಸಾಮಾನ್ಯವಾಗಿ ಹೊಳೆಯಲ್ಲೇ ಇರುತ್ತದೆ. ಆದರೆ ಕರಾವಳಿ ಹೊಳೆಗಳಲ್ಲಿ ಕೆಲವು ಟ್ರೌಟ್‌ಗಳೂ ಸಮುದ್ರಕ್ಕೆ ಹೋಗಿ ಬರುತ್ತವೆ. ಹಾಗೆ ಹೋಗಿ ಬರುವ ರೇನ್‌ಬೋ ಟ್ರೌಟಿಗೆ ಸ್ಟೀಲ್‌ಹೆಡ್ ಅನ್ನುತ್ತಾರೆ. ಫ್ಲೈ ಗಾಳದವರು ವರ್ಷಗಟ್ಟಲೆ ಕಾದು ಹಿಡಿಯುವ ಮೀನು ಅದು. ದವಡೆಯ ಕೆಳಗೆ ಕೆಂಪು ಗೆರೆ ಇರುವುದು ಕಟ್‌ತ್ರೋಟ್ ಟ್ರೌಟ್. ಹೊಸದಾಗಿ ಕಲಿಯುವವರಿಗೆ ಇದೇ ಒಳ್ಳೆಯದು. ಗಾತ್ರ ಸಣ್ಣದು, ಧೈರ್ಯ ಜಾಸ್ತಿ, ಫ್ಲೈ ಕಂಡರೆ ಹಿಂದೆ ಮುಂದೆ ನೋಡದೆ ಬರುತ್ತದೆ.

ಈ ಮೀನು ತುಂಗಭದ್ರೆಯಲ್ಲೋ ವಾಣಿವಿಲಾಸ ಸಾಗರದಲ್ಲೋ ಯಾಕಿಲ್ಲ? ಮರಿ ತಂದು ಬಿಟ್ಟರೆ ಬೆಳೆಯುವುದಿಲ್ಲವಾ?

ಬೆಳೆಯುವುದಿಲ್ಲ. ಟ್ರೌಟಿಗೆ ನೀರಿನ ಉಷ್ಣಾಂಶ 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. 20 ದಾಟಿದರೆ ಒದ್ದಾಡುತ್ತದೆ, 25ರ ಆಸುಪಾಸಿನಲ್ಲಿ ಸಾಯುತ್ತದೆ. ಕಾರಣ ಬರೀ ಬಿಸಿ ಅಲ್ಲ, ಉಸಿರು. 10 ಡಿಗ್ರಿಯ ಒಂದು ಲೀಟರ್ ನೀರಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನಮ್ಮ ಕಟ್ಲಾ, ರೋಹು, ಗೆಂಡೆಗೆ ಅಷ್ಟು ಸಾಕು. ಕೊರವ ಮೀನಂತೂ ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಟ್ರೌಟಿಗೆ ಸಾಲುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಹರಿಹರದ ಹೊಳೆಗೆ ಕಾಲಿಟ್ಟು ನೋಡಿ, ಗೊತ್ತಾಗುತ್ತದೆ.

ಬೆಳೆಯುವ ಹಾಗಿದ್ದರೂ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊರಗಿನಿಂದ ತಂದ ಜಿಲೇಬಿ ಮೀನು ಇವತ್ತು ನಮ್ಮ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಊರ ಮೀನಿನ ಜಾಗ ಕಿತ್ತುಕೊಂಡಿದೆ. ಅಷ್ಟು ಸಾಕು.

ಅಮೆರಿಕಕ್ಕೆ ಹೋಗದೆ ನಮ್ಮ ದೇಶದಲ್ಲೇ ಟ್ರೌಟ್ ಹಿಡಿಯಬಹುದಾ?

ಹಿಡಿಯಬಹುದು. ಬ್ರಿಟಿಷರ ಕಾಲದಲ್ಲಿ ಬೆಟ್ಟದ ತಣ್ಣೀರಿಗೆ ತಂದು ಬಿಟ್ಟ ಮೀನುಗಳ ಸಂತತಿ ಅದು. ಕಾಶ್ಮೀರಕ್ಕೆ 1900ರಲ್ಲಿ ಬ್ರೌನ್ ಟ್ರೌಟ್ ಬಂತು. ಆಮೇಲೆ ಕುಲ್ಲು ಕಣಿವೆಗೆ ಬಂತು. ನೀಲಗಿರಿಯಲ್ಲೂ ಮುನ್ನಾರ್ ಬೆಟ್ಟದಲ್ಲೂ ರೇನ್‌ಬೋ ಟ್ರೌಟ್ ನೆಲೆ ನಿಂತಿತು. ದಾವಣಗೆರೆಯವರಿಗೆ ನೀಲಗಿರಿಯೇ ಹತ್ತಿರ. ಆದರೆ ಅಲ್ಲಿನ ಒಳ್ಳೆ ನೀರು ಬಹುಪಾಲು ಅರಣ್ಯ ಇಲಾಖೆಯ ಹಿಡಿತದಲ್ಲಿದೆ, ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ. ಹಿಮಾಚಲದ ತೀರ್ಥನ್ ಹೊಳೆ ಸುಲಭ. ಲೈಸೆನ್ಸ್ ಕೊಡುತ್ತಾರೆ, ಉಳಿಯಲು ಮನೆಗಳಿವೆ. ನವೆಂಬರಿನಿಂದ ಫೆಬ್ರವರಿವರೆಗೆ ಮೊಟ್ಟೆ ಇಡುವ ಕಾಲ, ಹಿಡಿಯುವಂತಿಲ್ಲ. ಸಾಲ್ಮನ್ ಮಾತ್ರ ನಮ್ಮ ದೇಶದ ಯಾವ ಹೊಳೆಯಲ್ಲೂ ಇಲ್ಲ.

ಆರೆಗಾನ್‌ನಲ್ಲಿ ಯಾವ ಹೊಳೆಗೆ ಹೋಗಬೇಕು?

ಪೋರ್ಟ್‌ಲ್ಯಾಂಡಿನಿಂದ ಪಶ್ಚಿಮಕ್ಕೆ 6ನೇ ನಂಬರ್ ಹೆದ್ದಾರಿ ಹಿಡಿದರೆ ಅರ್ಧ ದಾರಿ ವಿಲ್ಸನ್ ಹೊಳೆಯ ಪಕ್ಕದಲ್ಲೇ ಹೋಗುತ್ತೀರಿ. ಟಿಲ್ಲಮೂಕ್ ಊರು ಒಂದೂವರೆ ಗಂಟೆ ದಾರಿ. ಅಲ್ಲಿ ವಿಲ್ಸನ್, ಟ್ರಾಸ್ಕ್, ಕಿಲ್ಚಿಸ್, ಮಯಾಮಿ, ಟಿಲ್ಲಮೂಕ್ ಅಂತ ಐದು ಹೊಳೆಗಳು ಒಂದೇ ಕೊಲ್ಲಿಗೆ ಸೇರುತ್ತವೆ. ಉತ್ತರಕ್ಕೆ ನೆಹೇಲಮ್. ದಕ್ಷಿಣಕ್ಕೆ ಹೋದರೆ ಸಿಲೆಟ್ಜ್, ಆಲ್ಸಿ, ಅಂಪ್ಕ್ವಾ, ರೋಗ್. ಉತ್ತರ ಅಂಪ್ಕ್ವಾದಲ್ಲಿ ಫ್ಲೈ ಬಿಟ್ಟು ಬೇರೆ ಗಾಳಕ್ಕೆ ಅವಕಾಶವೇ ಇಲ್ಲದ ಉದ್ದನೆಯ ಪಟ್ಟಿ ಇದೆ. ಆದರೆ ಅಲ್ಲಿನ ಬಂಡೆ ಜಾರುತ್ತದೆ, ಸೆಳವು ಜೋರು. ಮೊದಲ ಸಲಕ್ಕೆ ಬೇಡ.

ಹೊಸಬರಿಗೆ ವಿಲ್ಸನ್ ಸಾಕು. ಆ ಕಣಿವೆಯ ಕಾಡು 1933ರಿಂದ 1951ರ ನಡುವೆ ನಾಲ್ಕು ಸಲ ದೊಡ್ಡ ಬೆಂಕಿಗೆ ಸುಟ್ಟುಹೋಗಿತ್ತು. ದಂಡೆಯ ಮರ ಹೋದರೆ ನೆರಳು ಹೋಗುತ್ತದೆ, ನೀರು ಕಾಯುತ್ತದೆ, ಮಣ್ಣು ಕೊಚ್ಚಿ ಬಂದು ಮೊಟ್ಟೆ ಇಡುವ ಜಲ್ಲಿಯನ್ನು ಮುಚ್ಚುತ್ತದೆ. ಆಮೇಲೆ ಶಾಲೆ ಮಕ್ಕಳೂ ಸೇರಿ ಊರವರೆಲ್ಲ ಸಸಿ ನೆಟ್ಟರು. ಇವತ್ತು ನೀವು ನೋಡುವ ದಟ್ಟ ಕಾಡು ಅದೇ.

ಯಾವ ತಿಂಗಳು ಹೋದರೆ ಏನು ಸಿಗುತ್ತದೆ?

ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಸಮುದ್ರದಿಂದ ಮೇಲೇರುವ ಕಟ್‌ತ್ರೋಟ್. ಸೆಪ್ಟೆಂಬರಿನಿಂದ ನವೆಂಬರ್ ಚಿನೂಕ್ ಮತ್ತು ಕೋಹೋ. ಡಿಸೆಂಬರಿನಿಂದ ಮಾರ್ಚ್ ಚಳಿಗಾಲದ ಸ್ಟೀಲ್‌ಹೆಡ್.

ಇದಕ್ಕಿಂತ ಮುಖ್ಯ ಮಳೆ. ಮಲೆನಾಡಿನ ಹತ್ತುಮೀನು ನಿಮಗೆ ಗೊತ್ತಿರುತ್ತದೆ. ಮುಂಗಾರಿನ ಮೊದಲ ಹೊಸ ನೀರಿಗೆ ಮೀನು ಹಳ್ಳ ಹತ್ತಿ, ಗದ್ದೆ ಬಯಲಿಗೂ ಬಂದು ಮೊಟ್ಟೆ ಇಡುತ್ತದೆ. ಸಾಲ್ಮನ್ ಏರುವುದೂ ಅದೇ ಲೆಕ್ಕ. ಆರೆಗಾನ್ ಕರಾವಳಿಯಲ್ಲಿ ಬೇಸಿಗೆ ಒಣ, ಮಳೆ ಹಿಡಿಯುವುದು ಅಕ್ಟೋಬರ್ ಹೊತ್ತಿಗೆ. ಅಲ್ಲಿಯವರೆಗೆ ಮೀನು ಅಳಿವೆಯಲ್ಲಿ, ಉಬ್ಬರ ಇಳಿತದ ನೀರಲ್ಲಿ ಕಾಯುತ್ತಾ ನಿಂತಿರುತ್ತದೆ. ದೊಡ್ಡ ಮಳೆ ಬಂದು ಹೊಳೆ ಏರಿದ ಕೂಡಲೇ ಹೊರಡುತ್ತದೆ. ಮಳೆಯ ದಿನವೇ ಹೋದರೆ ನೀರು ಕದಡಿರುತ್ತದೆ, ಏನೂ ಕಾಣುವುದಿಲ್ಲ. ಹೊಳೆ ಇಳಿಯಲು ಶುರುವಾಗಿ, ನೀರು ಹಸಿರು ಬಣ್ಣಕ್ಕೆ ತಿರುಗಿ, ಮೊಣಕಾಲುದ್ದದ ನೀರಲ್ಲಿ ನಿಂತರೆ ಪಾದ ಮಸುಕಾಗಿ ಕಾಣುವಾಗ ಹೋಗಿ. ಆ ಒಂದೆರಡು ದಿನಕ್ಕೆ ಅಲ್ಲಿನವರು ಕೆಲಸಕ್ಕೆ ರಜೆ ಹಾಕುತ್ತಾರೆ.

ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಹತ್ತುಮೀನನ್ನು ಮೊಟ್ಟೆ ತುಂಬಿದ ಹೊಟ್ಟೆಯಲ್ಲೇ ಕೂಣಿ ಇಟ್ಟು, ಬಡಿಗೆಯಲ್ಲಿ ಹೊಡೆದು ಹಿಡಿಯುವುದನ್ನು ನೋಡಿದ್ದೇವೆ. ಜಲ್ಲಿಯ ಮೇಲೆ ಮೊಟ್ಟೆ ಇಡುತ್ತಿರುವ ಸಾಲ್ಮನ್ ಅಲ್ಲಿ ಕಾಲಡಿಯಲ್ಲೇ ಕಾಣುತ್ತದೆ. ಅದಕ್ಕೆ ಗಾಳ ಹಾಕಬೇಡಿ, ಆ ಜಲ್ಲಿಯ ಮೇಲೆ ಕಾಲೂ ಇಡಬೇಡಿ.

ಟೂರಿಸ್ಟ್ ವೀಸಾದಲ್ಲಿ ಹೋದವರಿಗೆ ಲೈಸೆನ್ಸ್ ಕೊಡುತ್ತಾರಾ?

ಕೊಡುತ್ತಾರೆ. ಪಾಸ್‌ಪೋರ್ಟ್ ತೋರಿಸಿ ಅಂಗಡಿಯಲ್ಲೇ ಕೊಳ್ಳಬಹುದು. ಆರೆಗಾನ್‌ನಲ್ಲಿ 12 ವರ್ಷ ಆದ ಎಲ್ಲರಿಗೂ ಬೇಕು. ಒಂದು ದಿನದ ಲೈಸೆನ್ಸೂ ಇದೆ. ಸಾಲ್ಮನ್, ಸ್ಟೀಲ್‌ಹೆಡ್‌ಗೆ 'ಟ್ಯಾಗ್' ಅಂತ ಇನ್ನೊಂದು ಬೇಕು. ಮೀನು ಇಟ್ಟುಕೊಂಡರೆ ಆ ಕ್ಷಣವೇ ಅದರಲ್ಲಿ ದಾಖಲಿಸಬೇಕು. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ದಂಡ. ದರ ಮತ್ತು ನಿಯಮ ವರ್ಷ ವರ್ಷ ಬದಲಾಗುತ್ತವೆ. ಒಂದೇ ಹೊಳೆಯಲ್ಲಿ ಸೇತುವೆಯ ಮೇಲಕ್ಕೊಂದು, ಕೆಳಕ್ಕೊಂದು ನಿಯಮ ಇರುವುದೂ ಉಂಟು. ಹೊರಡುವ ಹಿಂದಿನ ರಾತ್ರಿ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಆ ವರ್ಷದ ನಿಯಮ ಓದಿಸಿ.

ಹಿಡಿದದ್ದನ್ನೆಲ್ಲ ಮನೆಗೆ ತರಬಹುದಾ?

ಇಲ್ಲ. ಮೀನಿನ ಬೆನ್ನ ಮೇಲೆ ಬಾಲದ ಹತ್ತಿರ ಬೆರಳ ತುದಿಯಷ್ಟು ಸಣ್ಣ ಮೆತ್ತನೆಯ ರೆಕ್ಕೆ ಇರುತ್ತದೆ. ಮರಿ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನಿಗೆ ಅದನ್ನು ಕತ್ತರಿಸಿರುತ್ತಾರೆ. ಆ ಜಾಗದಲ್ಲಿ ಮಾಗಿದ ಗಾಯದ ಗುರುತು ಕಂಡರೆ ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಮೀನು, ಕೋಹೋ, ಸ್ಟೀಲ್‌ಹೆಡ್ ಆದರೆ ಸಾಮಾನ್ಯವಾಗಿ ಬಿಡಲೇಬೇಕು. ಕರಾವಳಿಯ ಕಾಡು ಕೋಹೋ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ.

ಕೋಹೋ, ಚಿನೂಕ್ ಗುರುತಿಸಲು ಬಾಯಿ ನೋಡಿ. ಕೆಳಗಿನ ಹಲ್ಲಿನ ಬುಡದಲ್ಲಿ ವಸಡು ಕಪ್ಪಗಿದ್ದರೆ ಚಿನೂಕ್, ಬೆಳ್ಳಗಿದ್ದರೆ ಕೋಹೋ. ಚಿನೂಕ್‌ಗೆ ಬಾಲದ ಎರಡೂ ಕವಲಿನಲ್ಲಿ ಚುಕ್ಕೆ ಇರುತ್ತದೆ, ಕೋಹೋಗೆ ಮೇಲಿನ ಕವಲಿನಲ್ಲಿ ಮಾತ್ರ.

ಯಾವ ರಾಡ್, ಯಾವ ದಾರ ಬೇಕು?

ಟ್ರೌಟಿಗೆ 9 ಅಡಿಯ 5 ಅಥವಾ 6 ನಂಬರಿನ ರಾಡ್. ಸಾಲ್ಮನ್, ಸ್ಟೀಲ್‌ಹೆಡ್‌ಗೆ 8 ನಂಬರ್. ಈ ನಂಬರ್ ದಾರದ ತೂಕದ್ದು, ರಾಡಿಗೂ ದಾರಕ್ಕೂ ಒಂದೇ ಇರಬೇಕು. 5 ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ, 8 ನಂಬರಿನದು ಸುಮಾರು 13.6 ಗ್ರಾಂ. ದಾರದ ತುದಿಗೆ ಫ್ಲೈಗೆ ಮುಂಚೆ ಒಂಬತ್ತು ಅಡಿಯಷ್ಟು ಕಣ್ಣಿಗೆ ಕಾಣದ ನೈಲಾನ್ ದಾರ ಕಟ್ಟುತ್ತಾರೆ. ದುಬಾರಿ ರೀಲ್ ಬೇಡ. ದುಡ್ಡು ಇದ್ದರೆ ದಾರಕ್ಕೆ ಹಾಕಿ. ಎಸೆಯುವುದು ದಾರವನ್ನೇ ಅಲ್ವಾ?

ಎರಡೂ ಕೈಯಲ್ಲಿ ಹಿಡಿಯುವ 12ರಿಂದ 15 ಅಡಿಯ ಉದ್ದ ರಾಡ್‌ಗಳೂ ಇವೆ. ಹಿಂದೆ ಮರಗಳಿದ್ದು, ದಾರ ಹಿಂದಕ್ಕೆ ಬಿಡಲು ಜಾಗ ಇಲ್ಲದ ಕಡೆ ಅವು ಬೇಕು. ಸ್ಕಾಟ್ಲೆಂಡಿನ ಸ್ಪೇ ಹೊಳೆಯ ಹೆಸರೇ ಆ ಎಸೆತಕ್ಕೂ ಬಂದಿದೆ. ಅದು ಎರಡನೇ ವರ್ಷದ ಪಾಠ.

ಎಸೆಯುವುದು ಕಲಿಯಲು ಎಷ್ಟು ಕಷ್ಟ? ಊರಲ್ಲೇ ಕಲಿಯಬಹುದಾ?

ಊರಲ್ಲೇ ಕಲಿಯಬೇಕು. ಅಲ್ಲಿ ಹೋಗಿ ತಣ್ಣೀರಲ್ಲಿ ನಿಂತು ಕಲಿಯುತ್ತೇನೆ ಅಂದರೆ ರಜೆ ಮುಗಿದುಹೋಗುತ್ತದೆ. ಇದಕ್ಕೆ ಹೊಳೆಯೂ ಬೇಡ. ಬೆಳಗ್ಗೆ ಖಾಲಿ ಇರುವ ಶಾಲೆ ಮೈದಾನ ಸಾಕು, ಹುಲ್ಲಿದ್ದರೆ ಒಳ್ಳೆಯದು. ಮಣ್ಣು, ಕಲ್ಲಿನ ಮೇಲೆ ದಾರದ ಹೊದಿಕೆ ಸವೆಯುತ್ತದೆ. ಗಾಳ ಕಟ್ಟಬೇಡಿ. ತುದಿಗೆ ಕೆಂಪು ಉಲ್ಲನ್ ಚೂರು ಕಟ್ಟಿ, ಎಲ್ಲಿ ಬಿತ್ತು ಅಂತ ಕಾಣುತ್ತದೆ.

ಎಂಟು ಒಂಬತ್ತು ಮೀಟರ್ ದಾರ ಮುಂದೆ ಹುಲ್ಲಿನ ಮೇಲೆ ನೇರವಾಗಿ ಹಾಸಿ. ಹೆಬ್ಬೆರಳು ಹಿಡಿಯ ಮೇಲ್ಭಾಗದಲ್ಲಿ ಇರಲಿ. ರಾಡಿನ ತುದಿ ನೆಲದ ಹತ್ತಿರ. ಮೆಲ್ಲಗೆ ಎತ್ತಲು ಶುರು ಮಾಡಿ, ವೇಗ ಹೆಚ್ಚಿಸುತ್ತಾ ಬಂದು, ಹೆಬ್ಬೆರಳು ಕಿವಿಯ ಪಕ್ಕಕ್ಕೆ ಬಂದಾಗ ಗಕ್ಕನೆ ನಿಲ್ಲಿಸಿ. ನಿಲ್ಲಿಸಿದಾಗಲೇ ದಾರ ಹಿಂದಕ್ಕೆ ಹಾರುವುದು. ಈಗ ಕಾಯಬೇಕು. ಹೊಸಬರು ಎಡವುವುದು ಇಲ್ಲೇ. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದೆ ತಳ್ಳಿದರೆ 'ಚಟ್' ಅಂತ ಬಾರುಕೋಲಿನ ಸದ್ದು ಬರುತ್ತದೆ. ಹೊಳೆಯಲ್ಲಿ ಆ ಸದ್ದು ಬಂತು ಅಂದರೆ ತುದಿಯ ಫ್ಲೈ ಕಿತ್ತುಹೋಗಿರಬಹುದು. ಕತ್ತು ತಿರುಗಿಸಿ ಹಿಂದೆ ನೋಡಿ, ಅದರಲ್ಲಿ ನಾಚಿಕೆ ಏನಿಲ್ಲ. ದಾರ ನೇರವಾದ ಕೂಡಲೇ ಮುಂದಕ್ಕೆ, ಮತ್ತೆ ಅದೇ ಥರ ವೇಗ ಹೆಚ್ಚಿಸಿ, ಕಣ್ಣಿನ ಎತ್ತರಕ್ಕೆ ಹೆಬ್ಬೆರಳು ಬಂದಾಗ ನಿಲ್ಲಿಸಿ. ಮಣಿಕಟ್ಟು ಬಾಗಬಾರದು, ಮುಂಗೈ ಮತ್ತು ರಾಡ್ ಒಟ್ಟಿಗೆ ಹೋಗಬೇಕು. ಭುಜ ನೋಯುತ್ತಿದ್ದರೆ ಬಲ ಜಾಸ್ತಿ ಹಾಕುತ್ತಿದ್ದೀರಿ ಅಂತ. ದಿನಾ ಹದಿನೈದು ನಿಮಿಷ ಮಾಡಿದರೆ ಸಾಕು, ಒಂದೇ ದಿನ ಎರಡು ಗಂಟೆ ಮಾಡುವುದಕ್ಕಿಂತ ಅದೇ ಮೇಲು.

ಚಿತ್ರದುರ್ಗದವರಿಗೆ ಒಂದು ಅನುಕೂಲ ಇದೆ, ಗಾಳಿ. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಆರೆಗಾನ್ ಕರಾವಳಿಯಲ್ಲೂ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಜೋರು. ದುರ್ಗದ ಆಷಾಢದ ಗಾಳಿಯಲ್ಲಿ ದಾರ ನೆಟ್ಟಗೆ ಹಾಕಲು ಬಂದವರಿಗೆ ಅಲ್ಲಿ ತೊಂದರೆ ಇಲ್ಲ. ಬಲಗೈಯವರಾದರೆ ಬಲದಿಂದ ಬೀಸುವ ಗಾಳಿ ಫ್ಲೈಯನ್ನು ಮುಖಕ್ಕೆ ತರುತ್ತದೆ. ಆಗ ರಾಡನ್ನು ಓರೆ ಮಾಡಿ ಎಡಭುಜದ ಮೇಲಿಂದ ಎಸೆಯಿರಿ. ಕನ್ನಡಕ, ಟೋಪಿ ಇಲ್ಲದೆ ಎಸೆಯಲೇಬೇಡಿ.

ತುಂಗಭದ್ರೆಯಲ್ಲಿ, ಸೂಳೆಕೆರೆಯಲ್ಲಿ ಫ್ಲೈ ಹಾಕಿದರೆ ಮೀನು ಬೀಳುತ್ತದಾ?

ಬೀಳುತ್ತದೆ. ಜಿಲೇಬಿ ಮೀನು ಸಣ್ಣ ಕಂದು ಫ್ಲೈಗೆ ಬರುತ್ತದೆ. ಪಕ್ಕೆ ಮೀನು ಸಂಜೆ ಮೇಲ್ಮೈಯಲ್ಲಿ ಹುಳ ಹಿಡಿಯುವಾಗ ತೇಲುವ ಫ್ಲೈಗೆ ಹಾರುತ್ತದೆ. ಜೊಂಡಿನ ಅಂಚಿನಲ್ಲಿ ಕಪ್ಪೆಯಂಥ ಫ್ಲೈ ಎಳೆದರೆ ಕೊರವ ಅಪ್ಪಳಿಸುತ್ತದೆ. ಆದರೆ ಅದು ಮರಿಗಳ ಗುಂಪನ್ನು ಕಾಯುತ್ತಿದ್ದರೆ ಬಿಟ್ಟುಬಿಡಿ. ತಾಯಿ ತಂದೆ ಇಲ್ಲದಿದ್ದರೆ ಆ ಕೆಂಪು ಮರಿಗಳು ಉಳಿಯುವುದಿಲ್ಲ.

ಕೆರೆ, ಜಲಾಶಯಗಳ ಮೀನು ಸಾಮಾನ್ಯವಾಗಿ ಗುತ್ತಿಗೆಯಲ್ಲಿ ಅಥವಾ ಮೀನುಗಾರರ ಸಹಕಾರ ಸಂಘದ ಕೈಯಲ್ಲಿ ಇರುತ್ತದೆ. ಮೊದಲು ಮೀನುಗಾರಿಕೆ ಇಲಾಖೆಯಲ್ಲೂ ಗುತ್ತಿಗೆದಾರರಲ್ಲೂ ಕೇಳಿ. 'ಹಿಡಿದು ಬಿಡ್ತೀನಿ ಅಣ್ಣಾ' ಅಂದರೆ ಮೊದಲು ನಂಬುವುದಿಲ್ಲ, ಆಮೇಲೆ ಅವರೇ ಪಕ್ಕದಲ್ಲಿ ನಿಂತು ನೋಡುತ್ತಾರೆ. ದೇವಸ್ಥಾನದ ಘಟ್ಟಗಳಲ್ಲಿ ಬೇಡ. ಶೃಂಗೇರಿಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ಜನ ಮಂಡಕ್ಕಿ ಹಾಕಿ ಸಾಕಿದ ಮೀನು ಇಷ್ಟು ದೊಡ್ಡದಾಗಿ ಉಳಿದಿರುವುದೇ ಯಾರೂ ಮುಟ್ಟದೆ ಇರುವುದರಿಂದ. ವನ್ಯಧಾಮಗಳ ಒಳಗೂ ಬೇಡ.

ಭದ್ರಾ ನಾಲೆಗೆ ಯಾವ ಕಾರಣಕ್ಕೂ ಇಳಿಯಬೇಡಿ. ಸಿಮೆಂಟ್ ಇಳಿಜಾರಿನ ಪಾಚಿ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳಿವೆ, ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದ ಆಗುತ್ತದೆ. ತುಂಗಭದ್ರೆಯಲ್ಲಿ ಮೊಸಳೆಯೂ ಉಂಟು. ದಂಡೆಯ ಮೇಲಿಂದಲೇ ಎಸೆಯಿರಿ.

ಹೊಳೆ ಓದುವುದು ಅಂದರೆ ಏನು?

ಮೀನಿಗೆ ಮೂರು ಬೇಕು: ಊಟ, ಆಸರೆ, ಸೆಳವಿನಿಂದ ಬಿಡುವು. ಜೋರು ನೀರು ಊಟ ತರುತ್ತದೆ, ಆದರೆ ಅಲ್ಲಿ ನಿಂತರೆ ದಣಿವು. ನಿಂತ ನೀರಲ್ಲಿ ದಣಿವಿಲ್ಲ, ಊಟವೂ ಇಲ್ಲ. ಹಾಗಾಗಿ ಎರಡೂ ಸೇರುವ ಗೆರೆಯಲ್ಲಿ ಮೀನು ಇರುತ್ತದೆ. ಹರಿಹರದ ಸೇತುವೆ ಮೇಲೆ ನಿಂತು, ನೀರು ಕಡಿಮೆ ಇರುವ ಕಾಲದಲ್ಲಿ ಕಂಬಗಳ ಕೆಳಗೆ ನೋಡಿ. ಕಂಬಕ್ಕೆ ಬಡಿದ ನೀರು ಎರಡಾಗಿ ಸೀಳಿ ಹೋಗುತ್ತದೆ. ಕಂಬದ ಹಿಂದೆ ನಯವಾದ ನೀರಿನ ಬಾಲ, ಅದರ ಅಂಚಿನಲ್ಲಿ ನೊರೆಯ ಸಾಲು. ಕಸ ಕಡ್ಡಿ ತೇಲಿ ಹೋಗುವುದು ಆ ಸಾಲಿನಲ್ಲೇ, ಹುಳವೂ ಅಲ್ಲೇ ತೇಲಿ ಬರುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಆ ನೊರೆಯ ಕೆಳಗೆ ಆಗಾಗ ಬೆಳ್ಳಗೆ ಮಿಂಚುವುದು ಕಾಣುತ್ತದೆ. ಮೀನು ಮಗ್ಗುಲಾಗಿ ಏನನ್ನೋ ಹಿಡಿದು ತಿರುಗಿದಾಗ ಬರುವ ಮಿಂಚು ಅದು. ವಿಲ್ಸನ್ ಹೊಳೆಯಲ್ಲಿ ಕಂಬದ ಬದಲು ಬಂಡೆ, ಬಿದ್ದ ಮರ ಇರುತ್ತವೆ, ಅಷ್ಟೇ ವ್ಯತ್ಯಾಸ.

ಮೇಲೇರುವ ಸಾಲ್ಮನ್, ಸ್ಟೀಲ್‌ಹೆಡ್‌ಗೆ ಊಟದ ಯೋಚನೆ ಇಲ್ಲ, ವಿಶ್ರಾಂತಿಯದ್ದೇ ಯೋಚನೆ. ಮಡುವಿನ ಕೆಳತುದಿಯಲ್ಲಿ, ನೀರು ತೆಳ್ಳಗಾಗಿ ಮುಂದಿನ ಇಳಿಜಾರಿಗೆ ಬೀಳುವ ಮುಂಚಿನ ಜಾಗದಲ್ಲಿ, ಏರಿ ಬಂದ ಮೀನು ನಿಂತು ಸುಧಾರಿಸಿಕೊಳ್ಳುತ್ತದೆ. ಜನ ಮಡುವಿನ ಮಧ್ಯಕ್ಕೆ ಎಸೆದು ಇದನ್ನು ಬಿಟ್ಟು ಹೋಗುತ್ತಾರೆ.

ಊಟ ಮಾಡದ ಸಾಲ್ಮನ್ ಫ್ಲೈಯನ್ನು ಯಾಕೆ ಕಚ್ಚುತ್ತದೆ?

ಹೊಳೆಗೆ ಬಂದ ಮೇಲೆ ಅದು ಹೆಚ್ಚು ಕಡಿಮೆ ತಿನ್ನುವುದೇ ಇಲ್ಲ. ಆದರೂ ಕಚ್ಚುತ್ತದೆ. ಸಮುದ್ರದಲ್ಲಿ ತಿಂದ ಅಭ್ಯಾಸ ಅಂತ ಕೆಲವರು, ಜಾಗ ಕಾಯುವ ಸಿಟ್ಟು ಅಂತ ಕೆಲವರು. ಮೈಗೆ ಹತ್ತಿರ ಬಂದದ್ದನ್ನು ಓಡಿಸುವ ಸಿಟ್ಟೇ ಅಂತ ನನಗೆ ಅನಿಸುತ್ತದೆ.

ಎಸೆಯುವ ಕ್ರಮ ಹೀಗೆ. ಅಡ್ಡಕ್ಕೆ, ಸ್ವಲ್ಪ ಕೆಳಮುಖವಾಗಿ ಎಸೆಯಿರಿ. ದಾರದ ಹೊಟ್ಟೆಯನ್ನು ಒಮ್ಮೆ ಮೇಲ್ಮುಖಕ್ಕೆ ಎತ್ತಿ ಹಾಕಿ, ಆಗ ಫ್ಲೈ ನಿಧಾನಕ್ಕೆ ಇಳಿಯುತ್ತದೆ. ಸೆಳವು ದಾರವನ್ನು ಎಳೆದು ಫ್ಲೈಯನ್ನು ನಿಮ್ಮ ದಂಡೆಯ ಕಡೆಗೆ ಅಡ್ಡ ತರುತ್ತದೆ. ನೇರ ಕೆಳಗೆ ಬಂದು ನಿಂತ ಮೇಲೆ ಎರಡು ಹೆಜ್ಜೆ ಕೆಳಕ್ಕೆ ಸರಿದು ಮತ್ತೆ ಎಸೆಯಿರಿ. ಮೀನು ಹಿಡಿದಾಗ ಊರಿನ ಹಾಗೆ ಜಗ್ಗಬೇಡಿ. ಅದು ತಿರುಗಿಕೊಳ್ಳಲಿ, ದಾರ ಭಾರವಾಗಲಿ, ಆಮೇಲೆ ರಾಡನ್ನು ದಂಡೆಯ ಕಡೆಗೆ ವಾಲಿಸಿ.

ಟ್ರೌಟಿಗೆ ತೇಲುವ ಫ್ಲೈ ಹಾಕುವಾಗ ಇದರ ಉಲ್ಟಾ. ಫ್ಲೈ ಎಲೆ ತೇಲುವ ವೇಗದಲ್ಲೇ ಹೋಗಬೇಕು. ದಾರ ಸ್ವಲ್ಪ ಎಳೆದರೂ ಟ್ರೌಟಿಗೆ ಗೊತ್ತಾಗುತ್ತದೆ.

ಫ್ಲೈ ಮನೆಯಲ್ಲೇ ಕಟ್ಟಬಹುದಾ?

ಕಟ್ಟಬಹುದು, ಸಾಮಾನು ನಮ್ಮಲ್ಲೇ ಇದೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರ ಹತ್ತಿರ ಕಪ್ಪು ಕುರಿಯ ಉಣ್ಣೆ ಒಂದು ಹಿಡಿ ಕೇಳಿ. ಮೇಣ ಸವರಿದ ದಾರಕ್ಕೆ ಅದನ್ನು ತೆಳ್ಳಗೆ ಹೊಸೆದು ಮುಳ್ಳಿಗೆ ಸುತ್ತಿದರೆ ನೀರಹುಳದ ಮೈ ತಯಾರು. ಒರಟು ಎಳೆಗಳು ಹೊರಗೆ ಚಾಚಿ ಕಾಲಿನ ಹಾಗೆ ಅಲುಗುತ್ತವೆ. ಹುಂಜದ ಕತ್ತಿನ ಗರಿ ತೇಲುವ ಫ್ಲೈಗೆ ಬೇಕು. ನವಿಲುಗರಿಯ ಎಳೆಗಳೂ ಒಳ್ಳೆಯವು, ಆದರೆ ನವಿಲುಗರಿಯನ್ನು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಊರಿನ ಹೊಳೆಗಷ್ಟೇ ಅದು.

ನಾನು ಸಸ್ಯಾಹಾರಿ. ತಿನ್ನದೇ ಇರುವವರು ಮೀನಿಗೆ ಯಾಕೆ ನೋವು ಕೊಡಬೇಕು?

ನ್ಯಾಯವಾದ ಪ್ರಶ್ನೆ. ನೋವಿಲ್ಲ ಅಂತ ನಾನು ಹೇಳುವುದಿಲ್ಲ. ಮನಸ್ಸು ಒಪ್ಪದಿದ್ದರೆ ಗಾಳ ಹಿಡಿಯಬೇಡಿ, ನೋಡಲು ಹೋಗಿ. ಪೋರ್ಟ್‌ಲ್ಯಾಂಡಿನ ಪೂರ್ವಕ್ಕೆ ಕೊಲಂಬಿಯಾ ನದಿಯ ಬಾನವಿಲ್ ಅಣೆಕಟ್ಟಿನಲ್ಲಿ ಮೀನು ಏರಲು ಮೆಟ್ಟಿಲು ಕಟ್ಟಿದ್ದಾರೆ. ಗಾಜಿನ ಕಿಟಕಿಯಿಂದ ಸಾಲ್ಮನ್ ಏರುವುದನ್ನು ಕೈಯಳತೆಯಲ್ಲಿ ನೋಡಬಹುದು. ಸೆಪ್ಟೆಂಬರಿನಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ.

ಹಿಡಿದು ಬಿಡುವವರು ಸರಿಯಾಗಿ ಬಿಡಬೇಕು. ಮುಳ್ಳಿನ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಸಣ್ಣ ಚೂಪನ್ನು ಇಕ್ಕಳದಿಂದ ಒತ್ತಿಬಿಡಿ, ಆಗ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಜಾಸ್ತಿ ಹೊತ್ತು ಆಡಿಸಬೇಡಿ. ಒಣಗಿದ ಕೈಯಲ್ಲಿ ಮುಟ್ಟಿದರೆ ಮೈಯ ಲೋಳೆ ಹೋಗಿ ಸೋಂಕು ತಗಲುತ್ತದೆ. ಫೋಟೋಗೆ ಅಂತ ಎದೆ ಮಟ್ಟಕ್ಕೆ ಎತ್ತಬೇಡಿ, ನೀರಲ್ಲೇ ಇಟ್ಟು ತೆಗೆಯಿರಿ. ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದರೆ ಕಿವಿರಿಗೆ ನೀರು ಹೋಗಿ ಚೇತರಿಸಿಕೊಳ್ಳುತ್ತದೆ, ತಾನೇ ಕೈ ಬಿಡಿಸಿಕೊಂಡು ಹೋಗಲಿ. ಜೇಬಲ್ಲಿ ಥರ್ಮಾಮೀಟರ್ ಇರಲಿ. ನೀರು 20 ಡಿಗ್ರಿ ಮುಟ್ಟಿದರೆ ಗಾಳ ಸುತ್ತಿ ಮನೆಗೆ ಹೊರಡಿ. ಆ ನೀರಲ್ಲಿ ಬಿಟ್ಟ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು.

ಅಣೆಕಟ್ಟು ಕಟ್ಟಿದ ಮೇಲೆ ಹೋದ ಮೀನು ಮತ್ತೆ ಬರುತ್ತದಾ?

ಲಕ್ಕವಳ್ಳಿ, ಹೊಸಪೇಟೆ ಅಣೆಕಟ್ಟುಗಳನ್ನು ನೆನೆದು ಹಿರಿಯ ಮೀನುಗಾರರು ಇದನ್ನು ಕೇಳುತ್ತಾರೆ. ಆರೆಗಾನ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರ ಸೇರುವ ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟು ಒಡೆದರು. ಕೆಲಸ ಮುಗಿದದ್ದು 2024ರಲ್ಲಿ. ಅದೇ ಅಕ್ಟೋಬರಿನಲ್ಲಿ, ನೂರು ವರ್ಷಕ್ಕೂ ಮೇಲೆ ದಾರಿ ಮುಚ್ಚಿದ್ದ ಆರೆಗಾನ್ ಭಾಗಕ್ಕೆ ಚಿನೂಕ್ ಏರಿ ಬಂತು. ಅಲ್ಲಿನ ಮೂಲನಿವಾಸಿ ಜನ ಇದಕ್ಕಾಗಿ ದಶಕಗಟ್ಟಲೆ ಹೋರಾಡಿದ್ದರು. ನಮ್ಮ ಅಣೆಕಟ್ಟುಗಳ ನೀರನ್ನು ನಂಬಿ ಭತ್ತ, ಅಡಿಕೆ ಬೆಳೆಯುವವರಿದ್ದಾರೆ, ಒಡೆಯುವ ಮಾತು ಇಲ್ಲಿ ಆಗದು. ಆದರೆ ಮುಂಗಾರಿನಲ್ಲಿ ಮೀನು ಏರುವ ಹಳ್ಳಗಳಿಗೆ ಅಡ್ಡ ಹಾಕದೆ ಇರಬಹುದು. ಅದಕ್ಕೆ ಯಾರ ಬೆಳೆಯೂ ಹಾಳಾಗುವುದಿಲ್ಲ.

ಅಲ್ಲಿ ನೀರಿಗೆ ಇಳಿಯುವುದು ಎಷ್ಟು ಅಪಾಯ?

ನೀರು ತಣ್ಣಗೆ ಕೊರೆಯುತ್ತದೆ, ಈಜು ಬಂದರೂ ಕೈಕಾಲು ಬೇಗ ಮರಗಟ್ಟುತ್ತದೆ. ಎದೆವರೆಗಿನ ರಬ್ಬರ್ ಉಡುಪು ಹಾಕಿದರೆ ಸೊಂಟಕ್ಕೆ ಬೆಲ್ಟ್ ಬಿಗಿಯಲೇಬೇಕು, ಬಿದ್ದರೆ ಒಳಗೆ ನೀರು ತುಂಬುವುದು ತಡವಾಗುತ್ತದೆ. ಕೈಯಲ್ಲಿ ಊರುಗೋಲು ಇರಲಿ. ಅಳಿವೆಯ ಹತ್ತಿರ ಉಬ್ಬರದ ವೇಳೆ ನೋಡಿಕೊಂಡು ಇಳಿಯಿರಿ. ಹೋಗುವಾಗ ಒಣಗಿದ್ದ ಮರಳು ದಿಬ್ಬದ ಸುತ್ತ ಬರುವಾಗ ನೀರು ನಿಂತಿರುತ್ತದೆ. ಅರವತ್ತು ದಾಟಿದವರು ಒಬ್ಬರೇ ಹೋಗುವುದು ಬೇಡ.

ರಾಡನ್ನು ವಿಮಾನದಲ್ಲಿ ಒಯ್ಯಬಹುದಾ?

ನಾಲ್ಕು ತುಂಡಾಗುವ ರಾಡ್ ಕೊಳ್ಳಿ, ದೊಡ್ಡ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಹಿಡಿಸುತ್ತದೆ. ಗಾಳ, ಇಕ್ಕಳ, ಕತ್ತರಿ ಚೆಕ್ ಇನ್ ಬ್ಯಾಗಿಗೆ ಹೋಗಲಿ. ಊರಿನ ಹೊಳೆಗೆ ಇಳಿಸಿದ ಬೂಟು, ದಾರ ಎಲ್ಲ ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಪ್ಯಾಕ್ ಮಾಡಿ. ಒಂದು ಹೊಳೆಯ ರೋಗ, ಪಾಚಿ ಇನ್ನೊಂದಕ್ಕೆ ಹೋಗಬಾರದು. ವಾಪಸ್ ಬರುವಾಗಲೂ ಅಷ್ಟೇ.